ಸಿಲೋನಿನ ಹೊಳೆಗೆ ನಾನು ಮೆತ್ತಿದ ಮಣ್ಣು

ಸಿಲೋನಿಗೆ ಹೋಗಿ ಬಂದ ಮೇಲೆ ಬೆಳ್ತಂಗಡಿಯ ಸಂತೆಯಲ್ಲಿ ಜನ ನನ್ನನ್ನು ನಿಲ್ಲಿಸಿ ಮಾತನಾಡಿಸುತ್ತಾರೆ. ಮುತ್ತು ತಂದಿರಾ, ಅಲ್ಲಿ ಆನೆ ದಾರಿಯಲ್ಲೇ ತಿರುಗುತ್ತದಂತೆ ಹೌದಾ, ಎಂದೆಲ್ಲ ಕೇಳುತ್ತಾರೆ. ಮುತ್ತು ತರಲಿಲ್ಲ. ಆನೆಯನ್ನು ನಾನು ನೋಡಿದೆ, ಅದು ನನ್ನನ್ನು ನೋಡಲಿಲ್ಲ, ಹಾಗಾಗಿ ಬದುಕಿ ಬಂದೆ. ಆದರೆ ಇದುವರೆಗೆ ಯಾರಿಗೂ ಹೇಳದ ಒಂದು ಸಂಗತಿ ಇದೆ. ಆ ಪರದೇಶದಲ್ಲಿ, ಎರಡು ಊರಿನ ಜನರ ಎದುರು, ನಾನು ಪಂಚಾಯತಿಕೆಗೆ ನಿಂತು ಬಂದಿದ್ದೇನೆ. ತಪ್ಪಿತಸ್ಥಳಾಗಿ! ಮೂಡುಬಿದಿರೆಯ ಶಾಲೆಯಲ್ಲಿ ಐದನೆಯ ತರಗತಿಯವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿರುವಾಗಲೇ ಅದನ್ನು ಬರೆದುಬಿಡುತ್ತೇನೆ.

ಮೊದಲು ನಮ್ಮ ಹೊಳೆಯ ವಿಷಯ ಹೇಳಬೇಕು. ನಮ್ಮ ಗದ್ದೆಗಳ ಬದಿಯಲ್ಲಿ ಹರಿಯುವ ಹೊಳೆ ಮುಂದೆ ಹೋಗಿ ನೇತ್ರಾವತಿಗೆ ಸೇರುತ್ತದೆ. ಮಳೆ ಮುಗಿದ ಮೇಲೆ ಅದಕ್ಕೆ ಅಡ್ಡವಾಗಿ ಕಟ್ಟ ಕಟ್ಟುವುದು ಪದ್ಧತಿ. ಎರಡು ಸಾಲು ಕಲ್ಲು, ನಡುವೆ ಸೊಪ್ಪು ಮತ್ತು ಜೇಡಿಮಣ್ಣು, ಮೇಲೆ ಕಾಲಿನಿಂದ ಮೆಟ್ಟುವುದು. ನಿಂತ ನೀರನ್ನು ತೋಡಿಗೆ, ಅಂದರೆ ಗದ್ದೆಯ ಕಾಲುವೆಗೆ, ತಿರುಗಿಸಿದರೆ ಬೇಸಗೆಯಲ್ಲಿ ಮೂರನೆಯ ಬೆಳೆ, ಕೊಳಕೆ, ಕೈಗೆ ಸಿಗುತ್ತದೆ. ನಮ್ಮ ಕಟ್ಟದಲ್ಲಿ ಒಂದು ಹನಿ ಸೋರುವುದಿಲ್ಲ ಎಂಬುದು ನನ್ನ ಹೆಮ್ಮೆ. ಆಳುಗಳು ಕಟ್ಟಿದರೂ ಕೊನೆಗೆ ನಾನೇ ಸೀರೆ ಎತ್ತಿಕಟ್ಟಿ ಇಳಿದು, ತೂತು ಹುಡುಕಿ ಮೆತ್ತುತ್ತೇನೆ. ಆ ಸೋರದ ಹನಿಗಾಗಿ ಕೆಳಗೆ ಕಾಯುವವಳು ನನ್ನ ಸ್ವಂತ ತಂಗಿ ಕಲ್ಯಾಣಿ. ಅವಳನ್ನು ಕೊಟ್ಟ ಮನೆ ಒಂದು ಮೈಲು ಕೆಳಗಿದೆ. ಮಳೆ ಕಡಿಮೆಯಾಗಿ ಎರಡು ವರ್ಷ ಅವಳ ಕೊಳಕೆ ಒಣಗಿತು. ಅವಳು ಬಂದು ಕೂಗಾಡಿದಳು. ನಾನು, "ನನ್ನ ಕಟ್ಟ, ನನ್ನ ನೀರು" ಎಂದೆ. ಅಲ್ಲಿಗೆ ಮಾತು ನಿಂತಿತು. ಮುಂದಿನ ವರ್ಷ ಮಣ್ಣಿನ ಕಟ್ಟವೇ ಬೇಡ, ಕಲ್ಲು ಗಾರೆಯಲ್ಲಿ ಶಾಶ್ವತವಾಗಿ ಕಟ್ಟಿಸುವುದೆಂದು ಮೇಸ್ತ್ರಿಗೆ ಮಾತು ಕೊಟ್ಟು, ನಾನು ಪ್ರಯಾಣಕ್ಕೆ ಹೊರಟೆ.

ಹೊರಟದ್ದು ಮಗಳ ಬಾಣಂತನಕ್ಕೆ. ಮಗಳು ಸುಶೀಲಳನ್ನು ನನ್ನ ಅಣ್ಣನ ಮಗ ಶಿವರಾಮನಿಗೆ ಕೊಟ್ಟಿದ್ದೆವು. ಅವನು ಸಿಲೋನಿನ ಅನುರಾಧಪುರದಿಂದ ಆಚೆ, ಒಂದು ಕೂಡುರಸ್ತೆಯಲ್ಲಿ ಹೋಟೆಲಿಟ್ಟಿದ್ದ. ಹೆರಿಗೆ ತಾಯಿಮನೆಯಲ್ಲಿ ಆಗಬೇಕು, ಆದರೆ ರೈಲು ಹಡಗು ಹತ್ತಕೂಡದೆಂದು ಡಾಕ್ಟರು ಹೇಳಿದರಂತೆ. ಮಗಳು ತಾಯಿಮನೆಗೆ ಬಾರದಿದ್ದರೆ ತಾಯಿಮನೆಯೇ ಮಗಳಲ್ಲಿಗೆ ಹೋಗಬೇಕಲ್ಲ.

ಬಂಟ್ವಾಳ

ಬಸ್ಸು ಬಂಟ್ವಾಳದಲ್ಲಿ ನಿಂತಾಗ ಎದುರು ಅಂಗಡಿಯ ಜಗಲಿಯಲ್ಲಿ ಕಲ್ಯಾಣಿ ನಿಂತಿದ್ದಳು, ನನಗಿಂತ ಮೊದಲಿನ ಬಸ್ಸಿನಲ್ಲಿ ಬಂದಿರಬೇಕು. ನಾನು ತಟ್ಟನೆ ಈಚೆ ತಿರುಗಿ ನೇತ್ರಾವತಿಯನ್ನು ನೋಡತೊಡಗಿದೆ. ಬೇಸಗೆಯ ನೇತ್ರಾವತಿಯಲ್ಲಿ ನೋಡುವುದಕ್ಕೆ ಮರಳಲ್ಲದೆ ಬೇರೇನಿದೆ? ಆದರೂ ಬಹಳ ಶ್ರದ್ಧೆಯಿಂದ ನೋಡಿದೆ. ಅವಳೂ ಅಂಗಡಿಯ ಬೆಲ್ಲದ ಅಚ್ಚುಗಳನ್ನು ಅಷ್ಟೇ ಶ್ರದ್ಧೆಯಿಂದ ನೋಡುತ್ತಿದ್ದಳು. ಸ್ವಲ್ಪ ಹೊತ್ತಿನಲ್ಲಿ ಕಂಡಕ್ಟರು ಒಂದು ಭರಣಿ ಹಿಡಿದು ನನ್ನ ಬಳಿಗೆ ಬಂದ.

"ರಾಜೀವಿಯಕ್ಕ, ಇದು ಜೀರಿಗೆ ಲೇಹ್ಯ ಅಂತೆ. ಸುಶೀಲನಿಗೆ ಕೊಡಬೇಕಂತೆ. ನಿಮಗೆ ಅಲ್ಲ ಅಂತ ಹೇಳ್ಲಿಕ್ಕೆ ಹೇಳಿದ್ದಾರೆ."

"ನನಗೆ ಬೇಡ ಅಂತ ನಾನೂ ಹೇಳಿದೆ ಅಂತ ಹೇಳು" ಎಂದೆ. ಭರಣಿಯನ್ನು ಮಾತ್ರ ಮಡಿಲಲ್ಲಿಟ್ಟುಕೊಂಡೆ. ಬಸ್ಸು ಹೊರಟಾಗ ನೋಡಿದರೆ ಅವಳು ನಮ್ಮ ಬಸ್ಸನ್ನೇ ನೋಡುತ್ತಿದ್ದಳು. ತಿರುವು ಬರುವವರೆಗೆ ನಾನೂ ಕತ್ತು ಹೊರಳಿಸಿಯೇ ಕೂತಿದ್ದೆ. ಹಿಂದೆ ಇಟ್ಟ ಗಂಟು ಬೀಳದಂತೆ ನೋಡಿಕೊಳ್ಳುವುದಕ್ಕೆ ಎಂದು ಸಮಾಧಾನ ಮಾಡಿಕೊಂಡೆ.

ಮಂಡಪಂ

ಮಂಗಳೂರಿನಿಂದ ರೈಲು ಬದಲಿಸಿ ಬದಲಿಸಿ, ರಾಮೇಶ್ವರದ ಕಡೆಯ ಮಂಡಪಂ ತಲುಪುವಾಗ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಅಲ್ಲಿ ಸಿಲೋನಿಗೆ ಹೋಗುವವರ ಮೈ, ಗಂಟು, ಕಾಗದ ಎಲ್ಲವನ್ನೂ ಪರೀಕ್ಷೆ ಮಾಡುತ್ತಾರೆ. ಕನ್ನಡಕ ಹಾಕಿದ ಒಬ್ಬ ಅಧಿಕಾರಿ ನನ್ನ ಗಂಟು ಬಿಚ್ಚಿಸಿದ. ಹಪ್ಪಳಕ್ಕೆ ಏನೂ ಹೇಳಲಿಲ್ಲ. ಉಪ್ಪಿನಕಾಯಿಗೂ ಹೇಳಲಿಲ್ಲ. ಕಲ್ಯಾಣಿಯ ಭರಣಿಯ ಬಾಯಿಬಟ್ಟೆ ಬಿಚ್ಚಿ ಮೂಸಿ, ಮುಖ ಸಿಂಡರಿಸಿ, ಬದಿಗಿಡಲು ಹೇಳಿದ. ಕಪ್ಪಗೆ, ಅಂಟಂಟಾಗಿದ್ದ ಆ ವಸ್ತು ಏನೆಂದು ಅವನಿಗೆ ಅರ್ಥವಾಗಲಿಲ್ಲ.

ನನಗೆ ತಮಿಳು ಬಾರದು, ಅವನಿಗೆ ತುಳು ಬಾರದು. ಆದರೆ ಸಿಟ್ಟಿಗೆ ಭಾಷೆ ಬೇಕೇ? "ಅಲ್ಲಾ ಮಾರಾಯ, ಇದನ್ನು ನನ್ನ ತಂಗಿ ಮೂರು ದಿನ ಒಲೆಯ ಎದುರು ಕೂತು ಕಾಸಿದ್ದು. ಅವಳ ಕೈಯ ಲೇಹ್ಯಕ್ಕೆ ಮೂಡುಬಿದಿರೆಯಿಂದ ಜನ ಬರ್ತಾರೆ. ನೀನು ಮೂಗು ಮುಚ್ಚುತ್ತೀಯಾ?" ಎಂದು ಚಮಚ ತೆಗೆದು ಅವನ ಬಾಯಿಯ ಹತ್ತಿರ ಹಿಡಿದೆ. ಹಿಂದಿನ ಸಾಲು ನಗತೊಡಗಿತು. ಅವನು ಪಾಪ, ನಾಚಿಕೆಗೆ ಬಾಯಿ ತೆರೆದ. ನುಂಗಿದ. ಒಂದು ಗಳಿಗೆ ಯೋಚಿಸಿದ. ಆಮೇಲೆ ಅಂಗೈ ಚಾಚಿ ಇನ್ನೊಂದು ಚಮಚ ಹಾಕಿಸಿಕೊಂಡು ಭರಣಿಯನ್ನು ವಾಪಸು ಕೊಟ್ಟ.

ಹಡಗಿನಲ್ಲಿ ಕೂತ ಮೇಲೆ ಒಂದು ವಿಷಯ ಹೊಳೆಯಿತು. ಒಂದು ವರ್ಷದಿಂದ ಮಾತು ಬಿಟ್ಟ ತಂಗಿಯನ್ನು ನಾನು ಈಗಷ್ಟೇ ಪರದೇಶಿಗಳ ಎದುರು ಹೊಗಳಿದ್ದೆ. ಯಾರೂ ಊರಿನವರು ಕೇಳಲಿಲ್ಲ, ಪುಣ್ಯ! ಅಷ್ಟರಲ್ಲಿ ಹಡಗು ಅಲುಗಾಡಿ ನನಗೆ ವಾಂತಿ ಶುರುವಾಯಿತು. ತಲೈಮನ್ನಾರಿನಲ್ಲಿ ಇಳಿಯುವವರೆಗೆ ಬೇರೆ ಯೋಚನೆಯೇ ಬರಲಿಲ್ಲ.

ಕೂಡುರಸ್ತೆಯ ಹೋಟೆಲು

ಪರದೇಶ ಪರದೇಶ ಎಂದು ಹೆದರಿದ್ದೆ. ಹೋಗಿ ನೋಡಿದರೆ ಅಲ್ಲಿಯೂ ಕುಚ್ಚಲಕ್ಕಿ ಅನ್ನ, ತೆಂಗಿನಕಾಯಿ, ಮೀನು, ವೀಳ್ಯದೆಲೆ. ನಮ್ಮ ಒತ್ತುಶ್ಯಾವಿಗೆಯನ್ನೇ ಅವರು ಬೆಳಗಿನ ತಿಂಡಿಗೆ ಚಿಕ್ಕ ಚಿಕ್ಕ ಬಿಲ್ಲೆಯಾಗಿ ಒತ್ತುತ್ತಾರೆ. ಕಾಯಿತುರಿಗೆ ಮೆಣಸು, ಒಣಮೀನು ಹಾಕಿ ಅರೆಯುವ ಚಟ್ನಿ ಮಾತ್ರ ನಮ್ಮದಕ್ಕಿಂತ ಒಂದು ಕೈ ಮೇಲು. ಇದನ್ನು ನಾನು ಅಲ್ಲಿ ಒಪ್ಪಲಿಲ್ಲ, ಇಲ್ಲಿ ಬರೆಯುತ್ತಿದ್ದೇನೆ. ಅವರ ಒಂದು ಅಭ್ಯಾಸ ನನ್ನನ್ನು ಬಹಳ ಕಾಡಿತು. ಅಲ್ಲಿಯವರು ಯಾವುದಕ್ಕೂ ಅವಸರ ಮಾಡುವುದಿಲ್ಲ, ದನಿ ಎತ್ತುವುದಿಲ್ಲ. ನಾನು ಮಗಳೊಡನೆ ಸಾಮಾನ್ಯವಾಗಿ ಮಾತನಾಡಿದರೂ ಪಕ್ಕದ ಮನೆಯವರು ಜಗಳವೆಂದು ಬೇಲಿಯ ಬಳಿ ಬಂದು ನಿಲ್ಲುತ್ತಿದ್ದರು.

ನಾನು ತಲುಪಿದ ವಾರದಲ್ಲೇ ಹೆರಿಗೆಯಾಯಿತು. ಹೆಣ್ಣುಮಗು. ಹೆರಿಗೆ ಮಾಡಿಸಿದವಳು ಪೊಡಿ ಮೆಣಿಕೆ ಎಂಬ ಸೂಲಗಿತ್ತಿ. ಹೊಳೆಯ ಕೆಳಗಿನ ಊರಿನವಳು. ನನ್ನಷ್ಟೇ ವಯಸ್ಸು, ನನ್ನ ಅರ್ಧದಷ್ಟು ಗಾತ್ರ. ದಿನಾ ಬೆಳಿಗ್ಗೆ ಅಷ್ಟು ದೂರದಿಂದ ನಡೆದು ಬಂದು ಮಗುವನ್ನು ಕಾಲ ಮೇಲೆ ಹಾಕಿಕೊಂಡು ಮೀಯಿಸುತ್ತಿದ್ದಳು. ಅವಳಿಗೆ ಸಿಂಹಳ, ನನಗೆ ತುಳು. ಸುಶೀಲ ಮಲಗಿದಲ್ಲಿಂದಲೇ ನಡುವೆ ದುಭಾಷಿ. ಕಲ್ಯಾಣಿಯ ಲೇಹ್ಯವನ್ನು ಒಂದು ಬೆರಳು ನೆಕ್ಕಿಸಿದಾಗ ಪೊಡಿ ಮೆಣಿಕೆ ಕಣ್ಣು ಮುಚ್ಚಿ ಅದರೊಳಗಿನ ಒಂದೊಂದು ಬೇರಿನ ಹೆಸರು ಹೇಳತೊಡಗಿದಳು. ಆವತ್ತಿನಿಂದ ನಾವು ಸ್ನೇಹಿತೆಯರು.

ಹೊಳೆಯ ಬದಿ

ಹದಿನೈದು ದಿನ ಕಳೆಯಿತು. ಬಟ್ಟೆ ಒಗೆಯಲು ಹೊಳೆಗೆ ಹೋದೆ. ಮಳೆಯಿಲ್ಲದ ಕಾಲ, ಹೊಳೆ ಬಡಕಲಾಗಿತ್ತು. ಸ್ವಲ್ಪ ಮೇಲೆ ನಡೆದರೆ ನೋಡುತ್ತೇನೆ, ಕಟ್ಟ! ಸಾಕ್ಷಾತ್ ನಮ್ಮ ಕಟ್ಟ! ಗೂಟ, ಸೊಪ್ಪು, ಮಣ್ಣು, ಪಕ್ಕದಲ್ಲಿ ತೋಡು. ಊರಿನ ನೆಂಟರನ್ನು ಕಂಡಷ್ಟು ಸಂತೋಷವಾಯಿತು. ಆದರೆ ಹತ್ತಿರ ಹೋದಾಗ ಹಣೆ ಚಚ್ಚಿಕೊಂಡೆ. ಕಟ್ಟದ ನಡುವೆ ಒಂದು ಮರದ ದಿಮ್ಮಿ ಇಟ್ಟಿದ್ದರು. ಅದರಲ್ಲಿ ಒಂದು ಗೇಣು ನಾಲ್ಕು ಬೆರಳು ಅಗಲ ಕಿತ್ತುಹೋದ ಹಾಗೆ ಕಚ್ಚು. ಆ ಕಚ್ಚಿನಿಂದ ನೀರು ಜುಳುಜುಳು ಎಂದು ಕೆಳಕ್ಕೆ ಹೋಗುತ್ತಿತ್ತು. ಸುತ್ತ ಒಬ್ಬನೂ ಇರಲಿಲ್ಲ.

ಸೋರುವ ಕಟ್ಟವನ್ನು ಕಂಡು ಸುಮ್ಮನೆ ಹೋಗಲು ನನ್ನಿಂದಾಗುವುದಿಲ್ಲ. ಹಾಲು ಉಕ್ಕುವುದನ್ನು ನೋಡಿಯೂ ಒಲೆಯ ಮುಂದೆ ಯಾರಾದರೂ ಸುಮ್ಮನೆ ಕೂರುತ್ತಾರೆಯೇ? ಪಾಪ, ಇವರಿಗೆ ಕಟ್ಟ ಕಟ್ಟಲಿಕ್ಕೆ ಬರುವುದಿಲ್ಲ ಎಂದುಕೊಂಡೆ. ಬಟ್ಟೆಗಂಟು ಕೆಳಗಿಟ್ಟು ಸೀರೆ ಎತ್ತಿಕಟ್ಟಿದೆ. ಸೊಪ್ಪು ಮುರಿದು ತಂದು, ಜೇಡಿಮಣ್ಣು ಕಲಸಿ, ಕಚ್ಚಿಗೆ ತುರುಕಿ, ಎರಡು ಕಲ್ಲು ಹೇರಿ, ಹಿಮ್ಮಡಿಯಿಂದ ಮೆಟ್ಟಿದೆ. ಕೆಲಸ ಮುಗಿಸಿ ಕೆಳಗೆ ನಿಂತು ನೋಡಿದೆ. ಒಂದು ಹನಿ ಇಲ್ಲ! ಮನೆಗೆ ಬಂದು, ಉಪಕಾರ ಮಾಡಿದ್ದನ್ನು ಹೇಳಿಕೊಳ್ಳಬಾರದೆಂದು ಯಾರಿಗೂ ಹೇಳಲಿಲ್ಲ. ಮಧ್ಯಾಹ್ನ ಎರಡು ತುತ್ತು ಹೆಚ್ಚೇ ಉಂಡೆ.

ಮರುದಿನ ಬೆಳಿಗ್ಗೆ ಪೊಡಿ ಮೆಣಿಕೆ ಬರಲಿಲ್ಲ. ಬಿಸಿಲೇರಿದ ಮೇಲೆ ಶಿವರಾಮ ಹೋಟೆಲಿನಿಂದ ಓಡುತ್ತ ಬಂದ.

"ಅತ್ತೆ, ಕಟ್ಟದ ಬಾಯಿ ಯಾರೋ ಮುಚ್ಚಿದ್ದಾರಂತೆ. ಕೆಳಗಿನ ಊರಿಗೆ ನಿನ್ನೆಯಿಂದ ನೀರಿಲ್ಲ. ಎರಡೂ ಊರಿನವರು ಸೇರಿದ್ದಾರೆ. ಮುಚ್ಚಿದ ರೀತಿ ಈ ಊರಿನವರದ್ದಲ್ಲ ಅಂತಿದ್ದಾರೆ." ಅವನು ನನ್ನ ಮುಖವನ್ನೇ ನೋಡಿದ. "ಅಲ್ಲಿ ಒಂದು ಒದ್ದೆ ಸೀರೆ ಸಿಕ್ಕಿದೆಯಂತೆ. ಉಡುಪಿ ಸೀರೆ."

ಒಗೆಯಲು ಒಯ್ದು ನೀರಿನಲ್ಲಿ ನೆನೆಹಾಕಿದ್ದ ಸೀರೆಯನ್ನು ಅಲ್ಲೇ ಮರೆತು ಬಂದಿದ್ದೆ.

"ಅದು ಸೋರ್ತಾ ಇತ್ತು ಶಿವರಾಮ!" ಎಂದೆ.

"ಸೋರುವುದಲ್ಲ ಅತ್ತೆ. ಅದು ಕೆಳಗಿನವರ ಪಾಲು. ಎರಡೂ ಊರಿನವರು ಒಟ್ಟಿಗೆ ನಿಂತು ಅಳೆದು ಕಡಿದ ಕಚ್ಚು ಅದು."

ಮಲಗಿದ್ದ ಸುಶೀಲ ಹೊದಿಕೆಯಲ್ಲಿ ಮುಖ ಮುಚ್ಚಿಕೊಂಡಳು. ಅಳುತ್ತಾಳೆಂದು ಹೆದರಿ ಹತ್ತಿರ ಹೋದರೆ, ನಗುತ್ತಿದ್ದಳು.

ಹೊಳೆಮತ್ತಿಯ ಕೆಳಗೆ

ಹೊಳೆಯ ದಂಡೆಯಲ್ಲಿ ನಮ್ಮ ಹೊಳೆಮತ್ತಿಯ ಮರವೇ ಒಂದು ದೊಡ್ಡದಿತ್ತು. ಅದರ ಬುಡದಲ್ಲಿ ಜನ ಕೂತಿದ್ದರು. ನೀರು ಹಂಚುವ ಹಿರಿಯರ ಹೆಸರು ಕಿರಿ ಬಂಡ. ತಲೆಯೆಲ್ಲ ಬೆಳ್ಳಗಿನ ಮನುಷ್ಯ, ನನ್ನ ಒದ್ದೆ ಸೀರೆಯನ್ನು ಅಚ್ಚುಕಟ್ಟಾಗಿ ಮಡಚಿ ಬದಿಯಲ್ಲಿಟ್ಟುಕೊಂಡಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆ ಎಂದೂ ಆಗಿರಲಿಲ್ಲ. ನಮ್ಮಲ್ಲಾದರೆ ಈ ಹೊತ್ತಿಗೆ ಎರಡು ತಲೆ ಒಡೆದಿರುತ್ತಿತ್ತು. ಇಲ್ಲಿ ಒಬ್ಬರೂ ಗದರಲಿಲ್ಲ. ಗದರಿದ್ದರೆ ನನಗೂ ತಿರುಗಿ ಗದರಬಹುದಿತ್ತು, ಸುಲಭವಾಗುತ್ತಿತ್ತು.

ಕಿರಿ ಬಂಡ ಮೆಲ್ಲಗೆ ಏನೋ ಕೇಳಿದರು. ಶಿವರಾಮ ತಿರುಗಿಸಿ ಹೇಳಿದ: "ಯಾಕೆ ಮುಚ್ಚಿದ್ದು ಅಂತ ಕೇಳ್ತಾರೆ."

"ನಮ್ಮ ಊರಿನಲ್ಲಿ ಸೋರುವ ಕಟ್ಟ ಅಂದರೆ ಮರ್ಯಾದೆಗೇಡು ಅಂತ ಹೇಳು. ನಾನು ಒಳ್ಳೆಯದಕ್ಕೇ ಮಾಡಿದ್ದು ಅಂತ ಹೇಳು."

ಹೇಳಿದ. ಗುಂಪಿನಲ್ಲಿ ಗುಸುಗುಸು ಎದ್ದಿತು, ಆಮೇಲೆ ನಗು. ಕಿರಿ ಬಂಡ ಎದ್ದು ಹೋಗಿ ನಾನು ಮೆತ್ತಿದ್ದನ್ನು ಬೆರಳಿನಿಂದ ಒತ್ತಿ ನೋಡಿ ತಲೆದೂಗಿದರು. ಇಷ್ಟು ಗಟ್ಟಿಯಾಗಿ ಮೆತ್ತುವವರು ನಮ್ಮಲ್ಲಿ ಇಲ್ಲ ಎಂದರಂತೆ. ನನಗೆ ಆ ನಾಚಿಕೆಯಲ್ಲೂ ಸ್ವಲ್ಪ ಹೆಮ್ಮೆಯಾಯಿತು. ಆಮೇಲೆ ಅವರು ಹೇಳಿದ್ದು ಇದು: ಮುಚ್ಚಿದ ಕೈಯೇ ಬಿಚ್ಚಬೇಕು, ಕೆಳಗಿನವರು ನೋಡುತ್ತಿರಬೇಕು. ಅಷ್ಟೇ ಶಿಕ್ಷೆ.

ಕಾಯುತ್ತ ನಿಂತವರಲ್ಲಿ ಮುಂದಿದ್ದವಳು ಪೊಡಿ ಮೆಣಿಕೆ. ನನ್ನ ಮೊಮ್ಮಗಳನ್ನು ಮೊದಲು ಕೈಯಲ್ಲಿ ಹಿಡಿದವಳ ಮನೆಯ ನೀರನ್ನೇ ನಾನು ಮುಚ್ಚಿದ್ದೆ. ನೀರಿಗಿಳಿದೆ. ಮೆತ್ತುವುದು ಅರ್ಧ ಗಂಟೆಯ ಕೆಲಸ, ಬಿಚ್ಚುವಾಗ ಬೆವರು ಕಿತ್ತುಬಂತು, ಅಷ್ಟು ಗಟ್ಟಿಯಾಗಿತ್ತು ಹಾಳಾದದ್ದು! ಕೊನೆಯ ಸೊಪ್ಪಿನ ಉಂಡೆ ಬಂದಾಗ ನೀರು ಧುಮುಕಿತು. ಹೊಳೆಯ ಪಾತ್ರದಲ್ಲಿದ್ದ ಒಣ ಕಲ್ಲುಗಳು ಒಂದೊಂದಾಗಿ ಒದ್ದೆಯಾಗುತ್ತ ಹೋದವು. ಅದನ್ನು ನಾನು ಮೊದಲು ನೋಡಿಯೇ ಇರಲಿಲ್ಲ. ಕಟ್ಟದ ಮೇಲೆ ನಿಂತು ನಾನು ಯಾವಾಗಲೂ ನನ್ನ ಬದಿಯ ನೀರನ್ನಷ್ಟೇ ನೋಡಿದವಳು.

ಅಲ್ಲಿಯೇ ಕೂತು ಎಲ್ಲರೂ ವೀಳ್ಯ ಹಾಕಿದರು. ಆಗ ಶಿವರಾಮನಿಂದ ಕೇಳಿ ತಿಳಿದದ್ದು ಕೆಲವು. ಮೇಲಿನ ಕಟ್ಟ ಕಟ್ಟುವ ದಿನ ಕೆಳಗಿನ ಊರಿನ ಮನೆಗೊಬ್ಬರು ಬಂದು ಮಣ್ಣು ಹೊರುತ್ತಾರೆ. ಕೆಳಗಿನದನ್ನು ಕಟ್ಟುವಾಗ ಮೇಲಿನವರು ಇಳಿದು ಹೋಗುತ್ತಾರೆ. ಹೊಳೆಬದಿಯ ಮರಕ್ಕೆ ಕತ್ತಿ ಹಾಕಬೇಕಾದರೆ ಎರಡೂ ಊರು ಒಪ್ಪಬೇಕು. ನೀರು ತೀರಾ ಇಳಿದ ವರ್ಷ ಕಟ್ಟದ ಹತ್ತಿರದ ಗದ್ದೆಗಳನ್ನಷ್ಟೇ ಉತ್ತು, ಅದನ್ನೇ ಎಲ್ಲರೂ ಪಾಲು ಮಾಡಿಕೊಳ್ಳುತ್ತಾರೆ. ಗದ್ದೆ ಯಾರದ್ದೆಂದು ಆ ವರ್ಷ ಕೇಳುವುದಿಲ್ಲ. "ಇದೆಲ್ಲ ಕತೆಯಾ ನಿಜವಾ?" ಎಂದು ಮೂರು ಸಲ ಕೇಳಿದೆ. ಕಿರಿ ಬಂಡ ಮೂರು ಸಲವೂ ಬೇಸರಿಸದೆ ಹೌದೆಂದರು. ಅವರಲ್ಲೂ ಜಗಳವಿಲ್ಲವೇ ಎಂದದ್ದಕ್ಕೆ, ಬೇಕಾದಷ್ಟಿದೆ, ಆದರೆ ಈ ಮರದ ಕೆಳಗೆ ಕೂತು ಮಾಡುತ್ತೇವೆ ಎಂದರು.

ಪೊಡಿ ಮೆಣಿಕೆ ನನ್ನ ಕೈಯ ಮಣ್ಣನ್ನು ತನ್ನ ಸೆರಗಿನಿಂದ ಒರೆಸುತ್ತ ಏನೋ ಕೇಳಿದಳು.

"ನಿಮ್ಮ ಊರಿನಲ್ಲಿ ಕಟ್ಟದ ಕೆಳಗೆ ಯಾರು ಇರೋದು ಅಂತ" ಎಂದ ಶಿವರಾಮ. ಅವನಿಗೆ ಎಲ್ಲ ಗೊತ್ತಿತ್ತು. ನನ್ನ ಮುಖ ನೋಡದೆ ನೆಲ ನೋಡುತ್ತಿದ್ದ.

"ತಂಗಿ" ಎಂದೆ. "ಲೇಹ್ಯ ಮಾಡಿದವಳು."

ಪೊಡಿ ಮೆಣಿಕೆಯ ಮುಖ ಅರಳಿತು. ಅವಳು ಹೇಳಿದ್ದನ್ನು ಶಿವರಾಮ ತುಂಬ ನಿಧಾನವಾಗಿ ತಿರುಗಿಸಿದ: "ಹಾಗಾದರೆ ಅವಳು ಪುಣ್ಯವಂತೆ. ಮೇಲೆ ಅಕ್ಕನೇ ಇರುವಾಗ ಅವಳಿಗೆ ಕಚ್ಚು ಅಳೆಯುವ ಕೆಲಸವೂ ಇಲ್ಲ ಅಂತಾಳೆ."

ನಾನು ಇನ್ನೊಂದು ಎಲೆ ಮಡಚಿ ಬಾಯಿಗೆ ತುರುಕಿದೆ. ಖಾರಕ್ಕೆ ಕಣ್ಣೀರು ಬಂತೆಂದು ಎಲ್ಲರೂ ತಿಳಿದರು. ಮನೆಗೆ ಬಂದು ಬಚ್ಚಲಿನಲ್ಲಿ ಕೂತು ಚೆನ್ನಾಗಿ ಅತ್ತೆ. ಅಮ್ಮ ಇದ್ದಾಗ ನಾವಿಬ್ಬರೂ ಕೈ ಕೈ ಹಿಡಿದುಕೊಂಡು ಆ ಕಟ್ಟದ ಮಣ್ಣು ಮೆಟ್ಟಿದವರು. ಅವಳು ಜಾರಿ ಬೀಳುತ್ತಿದ್ದಳು, ನಾನು ಜಡೆ ಹಿಡಿದು ಎತ್ತುತ್ತಿದ್ದೆ.

ಮತ್ತೆ ನಮ್ಮ ಹೊಳೆ

ಆಟಿ ತಿಂಗಳ ಮಳೆಯಲ್ಲಿ ಊರಿಗೆ ಬಂದೆ. ಕಲ್ಯಾಣಿಯ ಭರಣಿಯನ್ನು ತೊಳೆದು, ಪೊಡಿ ಮೆಣಿಕೆ ಕೊಟ್ಟ ಒಣಬೇರುಗಳನ್ನು ತುಂಬಿ ಕಳಿಸಿದೆ. ಭರಣಿ ಒಳಗೆ ಹೋಯಿತು, ಮಾತು ಹೊರಗೆ ಬರಲಿಲ್ಲ. ನನಗೂ ಹೋಗಿ ಮಾತನಾಡಿಸಲು ಕಾಲು ಏಳಲಿಲ್ಲ. ಐವತ್ತು ಜನರ ಎದುರು ಪರದೇಶದಲ್ಲಿ ಸೋತದ್ದು ಸುಲಭ, ಒಬ್ಬ ತಂಗಿಯ ಎದುರು ಸೋಲುವುದು ಕಷ್ಟ.

ಮಳೆ ಬಿಟ್ಟಿತು. ಮೇಸ್ತ್ರಿ ಬಂದ. ಗಾರೆಯ ಕಟ್ಟ ಬೇಡವೆಂದೆ. "ಸಿಲೋನಿಗೆ ಹೋಗಿ ನಿಮಗೆ ಏನಾಯ್ತು ಅಕ್ಕ?" ಎಂದು ಅವನು ಗೊಣಗುತ್ತ ಹೋದ. ಆಳುಗಳಿಗೆ ಎಂದಿನಂತೆ ಮಣ್ಣಿನ ಕಟ್ಟ ಹಾಕಲು ಹೇಳಿ, ನಡುವೆ ದಿಮ್ಮಿ ಇಡಿಸಿ, ಒಂದು ಗೇಣು ನಾಲ್ಕು ಬೆರಳು ನಾನೇ ಅಳೆದು ಕಚ್ಚು ಕಡಿಸಿದೆ. ಕೆಳಗಿನವರಿಗೆ ನೀರು ಮುಟ್ಟಿದಾಗ ತಾನಾಗಿ ಗೊತ್ತಾಗಲಿ, ಬಾಯಿಬಿಟ್ಟು ಹೇಳುವುದು ತಪ್ಪಲಿ, ಎಂಬುದು ನನ್ನ ಉಪಾಯ.

ಎರಡು ದಿನ ಕಳೆದು ಅಂಗಳದಲ್ಲಿ ಭತ್ತ ಹರಡುತ್ತಿದ್ದೆ. ಕಲ್ಯಾಣಿ ಏದುಸಿರು ಬಿಡುತ್ತ ಬಂದಳು. ಕೈಯಲ್ಲಿ ಹಾರೆ.

"ಏನು ಅಕ್ಕ, ಈ ಸಲ ಈಗಲೇ ಮುಚ್ಚಿದ್ದೀಯಾ? ಒಂದು ಹನಿ ಇಲ್ಲ! ನಾನೇ ಒಡೀತೇನೆ, ನೋಡುವ ಯಾರು ತಡೀತಾರೆ ಅಂತ!"

"ನಾನು ಬಿಟ್ಟಿದ್ದೇನೆ ಮಾರಾಯ್ತಿ!"

"ಎಲ್ಲಿ ಬಿಟ್ಟದ್ದು?"

ಇಬ್ಬರೂ ಹೊಳೆಗೆ ಓಡಿದೆವು. ನೋಡಿದರೆ ನನ್ನ ಕಚ್ಚು ಕಾಣಿಸುತ್ತಿಲ್ಲ! ಸೊಪ್ಪು, ಜೇಡಿಮಣ್ಣು, ಮೇಲೆರಡು ಕಲ್ಲು. ಪಕ್ಕದಲ್ಲಿ, ಕಚ್ಚು ಕಡಿದ ದಿನ ಕೆಲಸಕ್ಕೆ ಬಾರದಿದ್ದ ನಮ್ಮ ಹಳೆಯ ಆಳು ಐತಪ್ಪ ಕೈಕಾಲು ತೊಳೆಯುತ್ತಿದ್ದ.

"ಅಕ್ಕೆರೇ, ನೀವು ನೋಡಲಿಲ್ಲ ಅಂತ ಕಾಣ್ತದೆ. ನಡುವಿನ ದಿಮ್ಮಿ ಹಾಳಾಗಿ ಸೋರ್ತಾ ಇತ್ತು" ಎಂದು ಹೆಮ್ಮೆಯಿಂದ ನಕ್ಕ. "ನಿನ್ನೆ ನಾನೇ ಮೆತ್ತಿದೆ. ಈಗ ಒಂದು ಹನಿ ಇಲ್ಲ!"

ಇಪ್ಪತ್ತು ವರ್ಷ ನಾನೇ ಕಲಿಸಿದ ವಿದ್ಯೆ. ಅವನಿಗೆ ಏನೆಂದು ಬಯ್ಯಲಿ? ಕಲ್ಯಾಣಿ ಹಾರೆ ಎತ್ತಿದಳು.

"ಅದನ್ನು ಕೆಳಗಿಡು" ಎಂದೆ. "ಮುಚ್ಚಿದ ಕೈಯೇ ಬಿಚ್ಚಬೇಕು. ನೀನು ನೋಡ್ತಾ ನಿಲ್ಲು."

"ಮುಚ್ಚಿದ್ದು ಐತಪ್ಪ ಅಲ್ವಾ?"

"ಕೈ ಅವನದ್ದು. ಮುಚ್ಚಿದವಳು ನಾನು."

ಅವಳು ಏನೂ ಅರ್ಥವಾಗದೆ ನಿಂತಳು. ನಾನು ನೀರಿಗಿಳಿದು ಕಲ್ಲು ಎತ್ತಿಟ್ಟು, ಮಣ್ಣು ಕಿತ್ತೆ. ನೀರು ಬಿತ್ತು. ಕೆಳಗಿನ ಒಣ ಕಲ್ಲುಗಳು ಒಂದೊಂದಾಗಿ ಒದ್ದೆಯಾಗತೊಡಗಿದವು. ಕಲ್ಯಾಣಿ ಅವನ್ನು ನೋಡುತ್ತ ಹಾರೆಯನ್ನು ದಂಡೆಗೆ ಒರಗಿಸಿದಳು. ಆಮೇಲೆ ಸೀರೆ ಎತ್ತಿಕಟ್ಟಿ ತಾನೂ ಇಳಿದು ಬಂದು, ಗೇಣು ಹಾಕಿ ಕಚ್ಚನ್ನು ಅಳೆದಳು.

"ಒಂದು ಗೇಣು ನಾಲ್ಕು ಬೆರಳು" ಎಂದಳು. "ಐದು ಬೆರಳಾದರೆ ನನಗೆ ಸರಿಯಾಗ್ತದೆ."

"ಐದಾದರೆ ನನ್ನ ಮೇಲಿನ ಗದ್ದೆ ಒಣಗ್ತದೆ!"

"ನಿನ್ನ ಬೆರಳು ದಪ್ಪ ಅಕ್ಕ. ನನ್ನ ಬೆರಳಿನಲ್ಲಿ ಐದು ಕೊಟ್ಟರೆ ಸಾಕು."

ಎರಡು ವರ್ಷದ ಸಿಟ್ಟು ಎಲ್ಲಿತ್ತೋ, ಎಲ್ಲಿ ಹೋಯಿತೋ, ಸೊಂಟದವರೆಗೆ ನೀರಿನಲ್ಲಿ ನಿಂತು ನಾವಿಬ್ಬರೂ ಬೆರಳು ಎಣಿಸುತ್ತ ಜಗಳವಾಡಿದೆವು. ಐತಪ್ಪ ದಂಡೆಯಲ್ಲಿ ಬಾಯಿ ಬಿಟ್ಟುಕೊಂಡು ಕೂತಿದ್ದ. ಕೊನೆಗೆ ದಂಡೆಗೆ ಹತ್ತುವಾಗ ಅವಳ ಕಾಲು ಜಾರಿತು. ನಾನು ಜಡೆ ಹಿಡಿದು ಎತ್ತಿದೆ.